ಅಪ್ಪನ ಸೈಕಲ್ಲೂ ಕೆಂಪು ಕಮರಿಯ ಸುತ್ತುದಾರಿಯೂ

ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ನಾನು ಮೊದಲು ಹಿಂದೆಗೆದೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ. ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ಪರರ ಜಮಾ-ಖರ್ಚುಗಳನ್ನು ಪರಿಶೀಲಿಸುವುದೇ ನನ್ನ ಕಸುಬು. ಆದರೆ ಪರರ ಲೆಕ್ಕವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವವನು ತನ್ನ ದೇಹದ ಲೆಕ್ಕವನ್ನು ಎಷ್ಟು ಅಲಕ್ಷ್ಯದಿಂದ ಇಟ್ಟುಕೊಳ್ಳಬಲ್ಲನೆಂಬುದಕ್ಕೆ ನಾನೇ ಸಾಕ್ಷಿಯಾದ್ದರಿಂದ, ಆ ಅನುಭವವನ್ನೂ ಅದರಿಂದ ನನಗೆ ಮೂಡಿದ ಅಭಿಪ್ರಾಯವನ್ನೂ ಸಂಘದ ಬಂಧುಗಳ ಮುಂದಿಡಲು ಧೈರ್ಯ ಮಾಡಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಬಿಟ್ಟು ಮಹಾನಗರ ಸೇರಿದ ನಾವು ಏಳಿಗೆ ಎಂಬುದನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದೇವೆ. ಸೈಕಲ್ಲಿನಿಂದ ಸ್ಕೂಟರಿಗೆ, ಸ್ಕೂಟರಿನಿಂದ ಕಾರಿಗೆ ಏರಿದ್ದೇ ಬದುಕಿನ ಸಾರ್ಥಕತೆಯೆಂದು ತಿಳಿದಿದ್ದೇವೆ. ಏರಿದ್ದು ನಿಜ, ಆದರೆ ಆ ಏರಿಕೆಯ ಬೆಲೆಯನ್ನು ಯಾವ ಪುಸ್ತಕದಲ್ಲಿ ಖರ್ಚು ಬರೆಯಬೇಕೆಂದು ಮಾತ್ರ ನಾವು ಯೋಚಿಸಿಲ್ಲ.

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಮಳೆ ಕಡಮೆ, ಬಿಸಿಲು ಧಾರಾಳ, ಎಲ್ಲಿ ನೋಡಿದರೂ ಜಾಲಿ. ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಶಾಲೆ ಇದ್ದದ್ದು ಆರು ಮೈಲಿ ದೂರದ ಇನ್ನೊಂದು ಊರಿನಲ್ಲಿ. ಹೋಗುವಾಗ ಆರು, ಬರುವಾಗ ಆರು, ಒಟ್ಟು ಹನ್ನೆರಡು ಮೈಲಿಯನ್ನು ಅವರು ನಿವೃತ್ತಿಯ ದಿನದವರೆಗೂ ಒಂದೇ ಸೈಕಲ್ಲಿನ ಮೇಲೆ ತುಳಿದರು. ಅದಕ್ಕೆ ಗೇರು ಇರಲಿಲ್ಲ. ಹಿಂದಿನ ಕ್ಯಾರಿಯರಿನಲ್ಲಿ ಊಟದ ಡಬ್ಬಿ, ಹ್ಯಾಂಡಲಿಗೆ ತೂಗುಹಾಕಿದ ಚೀಲದಲ್ಲಿ ಮಕ್ಕಳ ಹಾಜರಿ ಪುಸ್ತಕ. ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ, ರಕ್ತದ ಒತ್ತಡವೂ ಇರಲಿಲ್ಲ. ಅದೆಲ್ಲ ಸೈಕಲ್ಲಿನಿಂದಲೇ ಆಯಿತೆಂದು ನಾನು ಸಾಧಿಸಲಾರೆ. ಆದರೆ ಸೈಕಲ್ಲಿನಿಂದ ಏನೂ ಆಗಲಿಲ್ಲವೆಂದೂ ಹೇಳಲಾರೆ.

ನಾನು ನೌಕರಿಗೆ ಸೇರಿದ ಎರಡನೆಯ ವರ್ಷ ಸಾಲ ತೆಗೆದು ಅವರಿಗೊಂದು ಸ್ಕೂಟರ್ ಕೊಡಿಸಿದೆ. ಹಳೆಯ ಸೈಕಲ್ಲು ಅಂಗಳದಲ್ಲಿರುವುದು ನನಗೆ ಅವಮಾನವೆನಿಸಿ ಗುಜರಿಯವನಿಗೆ ಕೊಟ್ಟುಬಿಟ್ಟೆ. ಸಂಜೆ ಮನೆಗೆ ಬಂದ ತಂದೆಯವರು ಖಾಲಿ ಜಾಗವನ್ನು ನೋಡಿ, "ಅದು ಇನ್ನೂ ಓಡ್ತಿತ್ತಲ್ಲಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತು ನನಗೆ ಅಂದು ತಿಳಿಯಲಿಲ್ಲ.

ತಿಳಿದದ್ದು ಇಪ್ಪತ್ತು ವರ್ಷಗಳ ನಂತರ, ಅಮೆರಿಕದ ಟೆಕ್ಸಾಸ್ ಪ್ರಾಂತದ ಒಂದು ಒಣ ಕಮರಿಯ ತಳದಲ್ಲಿ.

ಪಾಲೊ ಡೂರೊ

ನನ್ನ ಅಕ್ಕನ ಮಗ ಟೆಕ್ಸಾಸಿನ ಲಬಕ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. 2024ರ ಸೆಪ್ಟೆಂಬರಿನಲ್ಲಿ ಗೌರಿ-ಗಣೇಶ ಹಬ್ಬ ಮುಗಿಸಿಕೊಂಡು ನಾನೂ ನನ್ನ ಶ್ರೀಮತಿಯೂ ಅವನಲ್ಲಿಗೆ ಹೋಗಿದ್ದೆವು. ಭಾನುವಾರ ಬಂದರೆ ಬೆಟ್ಟಗುಡ್ಡಗಳಲ್ಲಿ ಸೈಕಲ್ ಹೊಡೆಯುವುದು ಅವನ ಹವ್ಯಾಸ. "ಮಾಮ, ನೀವೂ ಬನ್ನಿ, ಅಷ್ಟೇನೂ ಕಷ್ಟದ ದಾರಿಯಲ್ಲ" ಎಂದು ಒತ್ತಾಯ ಮಾಡಿ ಅಮರಿಲೊ ನಗರದ ಬಳಿಯ ಪಾಲೊ ಡೂರೊ ಕಮರಿಗೆ ಕರೆದೊಯ್ದ.

ಆ ಪ್ರದೇಶವೆಲ್ಲ ರೊಟ್ಟಿ ಹಂಚಿನಂತೆ ಸಮತಟ್ಟಾದ ಬಯಲು. ಕಾರಿನಲ್ಲಿ ಹೋಗುತ್ತಿರುವಂತೆಯೇ ನೆಲ ಥಟ್ಟನೆ ಬಾಯಿ ತೆರೆಯುತ್ತದೆ. ರೆಡ್ ನದಿಯ ಒಂದು ಸಣ್ಣ ಕವಲು ಲಕ್ಷಾಂತರ ವರ್ಷ ಕೊರೆದು ಮಾಡಿದ ಈ ಕಮರಿಯ ಉದ್ದ ಸುಮಾರು 120 ಮೈಲಿ, ಆಳ ಸುಮಾರು 800 ಅಡಿ. ತಳದ ಕೆಂಪು ಮಣ್ಣುಗಲ್ಲು 25 ಕೋಟಿ ವರ್ಷಗಳಷ್ಟು ಹಳೆಯದು. ಅದರ ನಡುವೆ ಅಲ್ಲಲ್ಲಿ ಜಿಪ್ಸಮ್ಮಿನ ಬಿಳಿಯ ಎಳೆಗಳು ಸೀರೆಯ ಅಂಚಿನಂತೆ ಹಾದುಹೋಗಿವೆ. 1874ರ ಸೆಪ್ಟೆಂಬರ್ 28ರಂದು ಅಮೆರಿಕದ ಸೈನ್ಯ ಇಲ್ಲಿ ಬೀಡುಬಿಟ್ಟಿದ್ದ ಕೊಮಾಂಚಿ, ಕೈಯೋವಾ, ಷೈಯೆನ್ ಜನರ ಮೇಲೆ ಬಿದ್ದಿತು. ಸತ್ತ ಜನರು ಕೆಲವರೇ. ಆದರೆ ಸೈನ್ಯ ಅವರ ಸಾವಿರಕ್ಕೂ ಮಿಕ್ಕಿದ ಕುದುರೆಗಳನ್ನು ಹಿಡಿದು ಗುಂಡಿಟ್ಟು ಕೊಂದಿತು. ವಾಹನ ಹೋದ ಮೇಲೆ ಆ ಜನರ ಸ್ವತಂತ್ರ ಜೀವನವೂ ಹೋಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡುವ ಸರಕಾರಿ ಯೋಜನೆಯಡಿ ಕಮರಿಯೊಳಕ್ಕೆ ರಸ್ತೆ ನಿರ್ಮಿಸಲಾಯಿತು. 1934ರ ಜುಲೈ 4ರಂದು ಉದ್ಯಾನವು ಸಾರ್ವಜನಿಕರಿಗೆ ತೆರೆಯಿತು.

ಇಷ್ಟು ದೂರ ಹೋಗಿ ನಾನು ಕಂಡದ್ದೇನು? ನಮ್ಮೂರಿನ ಬೇಲಿ. ದಾರಿಯ ಇಕ್ಕೆಲಗಳಲ್ಲಿ ಬೆಳೆದಿದ್ದ ಮೆಸ್ಕೀಟ್ ಎಂಬ ಮುಳ್ಳುಗಿಡವು ನಾವು ಬಳ್ಳಾರಿ ಜಾಲಿ ಎನ್ನುವ ಗಿಡದ ಹತ್ತಿರದ ನೆಂಟ. ಅಲ್ಲಿನ ಕಳ್ಳಿ ನಮ್ಮ ಪಾಪಾಸುಕಳ್ಳಿಯ ಜಾತಿಯದು. ಎರಡೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದ ವಲಸೆಗಾರರು. ಚಳ್ಳಕೆರೆಯವನಿಗೆ ಈ ಒಣನೆಲ ಏನು ಮಾಡೀತು ಎಂಬ ಗರ್ವ ನನ್ನಲ್ಲಿ ಹುಟ್ಟಿದ್ದು ಅದೇ ಗಳಿಗೆಯಲ್ಲಿ.

ಗುಜರಿಯಿಂದ ಹುಟ್ಟಿದ ಸೈಕಲ್ಲು

ಅಳಿಯ ನನಗೆ ಬಾಡಿಗೆಗೆ ತಂದುಕೊಟ್ಟದ್ದು ಮೌಂಟನ್ ಬೈಕ್ ಎಂಬ ಬೆಟ್ಟದ ಸೈಕಲ್ಲು. ದಪ್ಪ ಟಯರು, ಕುಲುಕು ತಡೆಯಲು ಮುಂದೆ ಸ್ಪ್ರಿಂಗು, ಹತ್ತಾರು ಗೇರು. ಅದರ ಹುಟ್ಟಿನ ಕಥೆಯನ್ನು ಅವನೇ ದಾರಿಯಲ್ಲಿ ಹೇಳಿದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯ ಕೆಲವು ಯುವಕರು 1930-40ರ ಕಾಲದ ದಪ್ಪ ಟಯರಿನ ಭಾರಿ ಸೈಕಲ್ಲುಗಳನ್ನು ಗುಜರಿ ಅಂಗಡಿಗಳಿಂದ ಪುಡಿಗಾಸಿಗೆ ತಂದು, ರಿಪೇರಿ ಮಾಡಿಕೊಂಡು, ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. ಇಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸ್ ತುಂಬಬೇಕಾಗುತ್ತಿತ್ತು. ಅದರಿಂದಲೇ ಅವರ ಪಂದ್ಯಕ್ಕೆ 'ಮರುತುಂಬು' ಎಂಬರ್ಥದ ರೀಪ್ಯಾಕ್ ಎಂಬ ಹೆಸರಾಯಿತು. ಮೊದಲ ಪಂದ್ಯ ನಡೆದದ್ದು 1976ರ ಅಕ್ಟೋಬರ್ 21ರಂದು. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಉಪಯೋಗಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅದು ಅಧಿಕೃತ ಸ್ಪರ್ಧೆಯಾಯಿತು.

ಅವರು ಗುಜರಿಯಿಂದ ಸೈಕಲ್ಲನ್ನು ಎತ್ತಿಕೊಂಡು ಬಂದರು. ನಾನು ಓಡುತ್ತಿದ್ದ ಸೈಕಲ್ಲನ್ನು ಗುಜರಿಗೆ ಹಾಕಿದೆ. ಈ ಮಾತು ಅಂದೇ ನನ್ನ ಮನಸ್ಸಿಗೆ ನಾಟಿತು. ಆದರೂ ಗರ್ವ ಇಳಿಯಲಿಲ್ಲ.

ನೀರಿನ ಲೆಕ್ಕ

ನಾವು ಹಿಡಿದದ್ದು ಎರಡು ಮೂರು ಕಾಲುದಾರಿಗಳನ್ನೂ ಉದ್ಯಾನದ ಡಾಂಬರು ರಸ್ತೆಯ ಒಂದು ತುಣುಕನ್ನೂ ಸೇರಿಸಿದರೆ ಆಗುವ ಸುತ್ತುದಾರಿ. ಸುಮಾರು ಹನ್ನೊಂದು ಕಿಲೋಮೀಟರು. ಪಟ್ಟಿಯಲ್ಲಿ ಅದಕ್ಕೆ 'ಮಧ್ಯಮ' ಎಂಬ ದರ್ಜೆ. ಬೆಳಿಗ್ಗೆ ಏಳಕ್ಕೇ ಹೊರಡಬೇಕೆಂದು ಅಳಿಯ ಹೇಳಿದ್ದ. ಕಾಫಿ, ಉಪ್ಪಿಟ್ಟು ಎಂದು ನಾನೇ ತಡಮಾಡಿ ತುಳಿಯಲು ಆರಂಭಿಸಿದಾಗ ಗಂಟೆ ಹತ್ತು ಮೀರಿತ್ತು. ಅವನು ಮೂರು ಲೀಟರು ನೀರು ಹಿಡಿಯುವ ಬೆನ್ನುಚೀಲ ಕೊಡಲು ಬಂದರೆ, "ನಿಮ್ಮ ತಾತ ದಿನಕ್ಕೆ ಹನ್ನೆರಡು ಮೈಲಿ ತುಳಿದದ್ದು ಒಂದು ಲೋಟ ಮಜ್ಜಿಗೆಯ ಮೇಲೆ" ಎಂದು ಹೇಳಿ ಅರ್ಧ ಲೀಟರಿನ ಒಂದು ಬಾಟಲಿಯನ್ನು ಮಾತ್ರ ಇಟ್ಟುಕೊಂಡೆ.

ಮೊದಲ ಮೂರು ಕಿಲೋಮೀಟರು ಸುಖವಾಗಿತ್ತು. ದಾರಿ ಜೂನಿಪರ್ ಗಿಡಗಳ ನಡುವೆ ಏರಿಳಿಯುತ್ತ, ಒಣ ಹಳ್ಳಗಳನ್ನು ದಾಟುತ್ತ, ಕೆಂಪು ಗುಡ್ಡಗಳ ಬುಡದಲ್ಲಿ ಬಳಸುತ್ತ ಹೋಗುತ್ತದೆ. ದೂರದಲ್ಲಿ 'ದೀಪಸ್ತಂಭ' ಎಂದು ಕರೆಯುವ, ಸುಮಾರು 310 ಅಡಿ ಎತ್ತರದ ಬಂಡೆಯ ಗೋಪುರ. ಹಳ್ಳ ಬಂದಲ್ಲಿ ಮರಳು ಚಕ್ರವನ್ನು ಹಿಡಿಯುತ್ತಿತ್ತು. ಏರು ಬಂದಲ್ಲಿ ಕಲ್ಲಿನ ಮೆಟ್ಟಿಲು. ಯಾವುದೂ ದೊಡ್ಡದಲ್ಲ, ಯಾವುದೂ ಮುಗಿಯುವುದೂ ಇಲ್ಲ. ಕಮರಿಯ ತಳವು ಮೇಲಿನ ಬಯಲಿಗಿಂತ ಹೆಚ್ಚು ಕಾಯುತ್ತದೆ. ಕಲ್ಲಿನ ಗೋಡೆಗಳು ಹೀರಿದ ಬಿಸಿಲನ್ನು ಹಿಂದಕ್ಕೆ ಉಗುಳುತ್ತವೆ. ಹನ್ನೊಂದು ಗಂಟೆಗೆ ಅಳಿಯನ ಗಡಿಯಾರ 35 ಡಿಗ್ರಿ ತೋರಿಸುತ್ತಿತ್ತು. ನನಗೆ ಬೆವರೇ ಬರುತ್ತಿರಲಿಲ್ಲವಾದ್ದರಿಂದ ನನ್ನ ಶಕ್ತಿಯ ಬಗೆಗೆ ನನಗೇ ಮೆಚ್ಚಿಗೆಯಾಯಿತು.

ಇಲ್ಲೇ ಮುಂಬಯಿವಾಸಿ ಮೋಸಹೋಗುವುದು. ನಮ್ಮ ಕಡಲತೀರದ ತೇವದ ಗಾಳಿಯಲ್ಲಿ ಬೆವರು ಆರದೆ ಅಂಗಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಎಷ್ಟು ಕಳೆದುಕೊಂಡೆವೆಂದು ಕಣ್ಣಿಗೆ ಕಾಣುತ್ತದೆ. ಒಣಗಾಳಿಯಲ್ಲಿ ಬೆವರು ಚರ್ಮದ ಮೇಲೆ ಮೂಡಿದೊಡನೆ ಆವಿಯಾಗಿಬಿಡುತ್ತದೆ. ದುಡಿಯುವ ದೇಹ ಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರನ್ನು ಕಳೆದುಕೊಳ್ಳುತ್ತಿದ್ದರೂ ಅಂಗಿ ಒಣಗಿಯೇ ಇರುತ್ತದೆ. ಖರ್ಚು ನಡೆಯುತ್ತಿದೆ, ಆದರೆ ಪುಸ್ತಕದಲ್ಲಿ ಬರೆದಿಲ್ಲ. ಬ್ಯಾಂಕಿನವನಿಗೆ ಇದಕ್ಕಿಂತ ಭಯಂಕರವಾದ ಸ್ಥಿತಿ ಬೇರೊಂದಿಲ್ಲ.

ಸುತ್ತುದಾರಿಯ ಇನ್ನೊಂದು ಮೋಸವನ್ನೂ ಹೇಳಬೇಕು. ಹೋದ ದಾರಿಯಲ್ಲೇ ಬರುವುದಾದರೆ ಸಾಕೆನಿಸಿದಾಗ ಹಿಂತಿರುಗಬಹುದು. ಸುತ್ತಿನಲ್ಲಿ ಅರ್ಧ ದಾಟಿದ ಮೇಲೆ ಮುಂದೆ ಹೋಗುವುದೂ ಹಿಂದೆ ಬರುವುದೂ ಒಂದೇ. ನಿರ್ಧಾರವನ್ನು ಅರ್ಧಕ್ಕೆ ಮುಂಚೆಯೇ ಮಾಡಬೇಕು. ಆದರೆ ಅಲ್ಲಿಯವರೆಗೆ ಮನುಷ್ಯನಿಗೆ ಏನೂ ಆಗಿರುವುದಿಲ್ಲ.

ಅರ್ಧ ದಾಟುವಷ್ಟರಲ್ಲಿ ನನ್ನ ಬಾಟಲಿ ಬರಿದಾಯಿತು. ಮೊದಲು ತಲೆನೋವು, ಅನಂತರ ಮೀನಖಂಡದಲ್ಲಿ ಸೆಳೆತ, ಬಳಿಕ ಹೊಟ್ಟೆ ತೊಳಸು. ಅಳಿಯನ ನೀರನ್ನು ಕೇಳಲು ನಾಚಿಕೆ. ಸಣ್ಣದೊಂದು ಏರಿನಲ್ಲಿ ಕಣ್ಣು ಕತ್ತಲಿಟ್ಟು ಸೈಕಲ್ಲಿನೊಡನೆ ದಾರಿಯ ಪಕ್ಕಕ್ಕೆ ಒರಗಿದೆ. ಎದುರಿನಿಂದ ನಡೆದುಬರುತ್ತಿದ್ದ, ಎಪ್ಪತ್ತು ದಾಟಿದ ಅಮೆರಿಕನ್ ದಂಪತಿಗಳು ಓಡಿಬಂದರು. ಅಳಿಯನೂ ಅವರೂ ಸೇರಿ ನನ್ನನ್ನು ಜೂನಿಪರಿನ ತುಂಡು ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಕತ್ತಿಗೂ ಕಂಕುಳಿಗೂ ನೀರು ಹನಿಸಿ ಗಾಳಿ ಹಾಕಿದರು. ಉಪ್ಪು ಬೆರೆಸಿದ ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಿದರು. ಮುಕ್ಕಾಲು ಗಂಟೆಯ ಬಳಿಕ ನಾನು ಎದ್ದೆ. ಉಳಿದ ದಾರಿಯನ್ನು ಸೈಕಲ್ಲು ತಳ್ಳಿಕೊಂಡು ನಡೆದೆ. ಆ ಹಿರಿಯರು ತಮ್ಮ ದಾರಿ ಬಿಟ್ಟು ನಮ್ಮೊಡನೆ ರಸ್ತೆಯವರೆಗೂ ಬಂದರು. ಅಳಿಯ ಒಂದು ಮಾತನ್ನೂ ಆಡಲಿಲ್ಲ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೇಜಿನ ಖಾನೆಯಲ್ಲಿದ್ದ ಕಾಗದ

ಮುಂಬಯಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಎಂಟು ತಿಂಗಳಿಂದ ಮೇಜಿನ ಖಾನೆಯಲ್ಲಿ ಮುಚ್ಚಿಟ್ಟಿದ್ದ ಆರೋಗ್ಯ ತಪಾಸಣೆಯ ವರದಿಯನ್ನು ಹೊರತೆಗೆದದ್ದು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಅಂಕೆ 7.4 ಎಂದು ಅದರಲ್ಲಿ ಅಚ್ಚಾಗಿತ್ತು, 6.5 ದಾಟಿದರೆ ಮಧುಮೇಹವೆಂದು ಲೆಕ್ಕ. ಇಂಥ ಅಂಕೆಗಳುಳ್ಳ ಜಮಾ-ಖರ್ಚಿನ ಪಟ್ಟಿಯನ್ನು ಗ್ರಾಹಕನೊಬ್ಬ ಬಚ್ಚಿಟ್ಟಿದ್ದರೆ ನಾನು ಅವನಿಗೆ ಸಾಲ ಕೊಡುತ್ತಿದ್ದೆನೆ? ವೈದ್ಯರ ಬಳಿಗೆ ಹೋಗದೆ ಖಂಡಾಂತರಕ್ಕೆ ಹೋಗಿ ಸುಡುಬಿಸಿಲಿನಲ್ಲಿ ಸೈಕಲ್ಲು ಹತ್ತಿದ್ದೆ. ಸಕ್ಕರೆ ಏರಿದ ದೇಹದಲ್ಲಿ ಮೂತ್ರದ ಮೂಲಕವೂ ನೀರು ಹೆಚ್ಚಾಗಿ ಹೋಗಬಹುದೆಂದು ವೈದ್ಯರು ತಿಳಿಸಿದಾಗ ಮೈ ಜುಮ್ಮೆಂದಿತು.

ಇದು ನನ್ನೊಬ್ಬನ ಕಥೆಯಾಗಿದ್ದರೆ ನಿಮ್ಮ ಕಾಲಹರಣ ಮಾಡುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಬೃಹತ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ, ಅದರ ಅಂಚಿನಲ್ಲಿ ನಿಂತವರು ಇನ್ನೂ 13.6 ಕೋಟಿ. ಹಳ್ಳಿಗಳಿಗಿಂತ ನಗರಗಳಲ್ಲಿ ಇದರ ಪ್ರಮಾಣ ಹೆಚ್ಚು. ನಮ್ಮ ಸಂಘದ ಯುಗಾದಿ ಭೋಜನದ ಪಂಕ್ತಿಯನ್ನು ಕಣ್ಮುಂದೆ ತಂದುಕೊಳ್ಳಿ. ಹೋಳಿಗೆ ಬಂದಾಗ "ನನಗೆ ಅರ್ಧ ಸಾಕು" ಎನ್ನುವವರು ಎಷ್ಟು ಮಂದಿ! ಅವರಲ್ಲಿ ಬಹುಪಾಲು ನನ್ನ ವಯಸ್ಸಿನವರೇ.

ಮಧ್ಯಮ ಎಂದರೇನು?

ಬೆಟ್ಟದ ಸೈಕಲ್ಲಿನವರು ಹಿಮದ ಮೇಲೆ ಜಾರುವ ಆಟದಿಂದ ಎರವಲು ಪಡೆದ ಗುರುತುಗಳನ್ನು ಬಳಸುತ್ತಾರೆ. ಸುಲಭಕ್ಕೆ ಹಸಿರು ವೃತ್ತ, ಮಧ್ಯಮಕ್ಕೆ ನೀಲಿ ಚೌಕ, ಕಠಿಣಕ್ಕೆ ಕಪ್ಪು ವಜ್ರ. ಆ ದರ್ಜೆಯನ್ನು ಕೊಡುವುದು ದಾರಿಯ ಅಗಲ, ಏರು, ಕಲ್ಲುಗಳನ್ನು ನೋಡಿ. ತುಳಿಯುವವನ ರಕ್ತವನ್ನಾಗಲಿ, ಅಂದಿನ ಬಿಸಿಲನ್ನಾಗಲಿ ನೋಡಿ ಅಲ್ಲ. ದೇಹಕ್ಕೆ ಯಾವುದು ಮಧ್ಯಮವೆಂಬುದನ್ನು ಅಳೆಯಲು ವೈದ್ಯರು ಸರಳವಾದ ಉಪಾಯವನ್ನು ಹೇಳುತ್ತಾರೆ. ವ್ಯಾಯಾಮ ಮಾಡುವಾಗ ಮಾತಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅದು ಮಧ್ಯಮ. ಇಂಥ ಶ್ರಮ ವಾರಕ್ಕೆ 150ರಿಂದ 300 ನಿಮಿಷ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನನ್ನ ತಂದೆಯವರು ಅದನ್ನು ಎರಡು ಮೂರು ದಿನಗಳಲ್ಲೇ ಪೂರೈಸುತ್ತಿದ್ದರು; ಅದನ್ನು ವ್ಯಾಯಾಮವೆಂದು ಕರೆಯುತ್ತಿರಲಿಲ್ಲ, ಅಷ್ಟೆ.

ಕಳೆದ ವರ್ಷ ಸಂಘದ ಸಭೆಯಲ್ಲಿ ಸೈಕಲ್ ತಂಡವೊಂದನ್ನು ಕಟ್ಟೋಣವೆಂದು ನಾನು ಸೂಚಿಸಿದಾಗ ಬಂದ ಆಕ್ಷೇಪಣೆಗಳಿಗೆ ಇಲ್ಲಿ ಉತ್ತರಿಸುವುದು ನನ್ನ ಕರ್ತವ್ಯ.

ಹಿರಿಯ ಸದಸ್ಯರೊಬ್ಬರು, "ಸೈಕಲ್ಲು ತುಳಿಯುವುದು ತಪ್ಪಲಿ ಅಂತಲೇ ನಮ್ಮಪ್ಪ ನಮ್ಮನ್ನು ಓದಿಸಿದ್ದು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತಿನಲ್ಲಿ ನಮ್ಮ ತಲೆಮಾರಿನ ನೋವಿದೆ, ಅದನ್ನು ಅಲ್ಲಗಳೆಯಲಾರೆ. ಬಡತನದಿಂದ ತುಳಿಯಬೇಕಾದದ್ದು ತಪ್ಪಿತು, ಒಳ್ಳೆಯದೇ. ಆದರೆ ಬಡತನವನ್ನು ಬಿಡುವ ಭರದಲ್ಲಿ ಅದರೊಡನಿದ್ದ ಆರೋಗ್ಯವನ್ನೂ ಬಿಟ್ಟುಬಂದೆವು.

ಎರಡನೆಯ ಆಕ್ಷೇಪಣೆ, ಮುಂಬಯಿಯ ರಸ್ತೆಯಲ್ಲಿ ಸೈಕಲ್ಲು ಹತ್ತುವುದು ಪ್ರಾಣಕ್ಕೆ ಸಂಚಕಾರ ಎಂಬುದು. ಇದು ನ್ಯಾಯವಾದ ಮಾತು. ಆದ್ದರಿಂದಲೇ ನಾನು ಹೇಳುತ್ತಿರುವುದು ಕಚೇರಿಯ ದಾರಿಯನ್ನಲ್ಲ, ಭಾನುವಾರದ ಮುಂಜಾನೆಯನ್ನು. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಸೈಕಲ್ಲು ಬಾಡಿಗೆಗೂ ದೊರೆಯುವುದುಂಟು. ದ್ವಾರದಿಂದ ಕಾನ್ಹೇರಿ ಗುಹೆಗಳ ಕಡೆಗಿನ ಏರುರಸ್ತೆ ನಮ್ಮಂಥವರಿಗೆ ಸಾಕಷ್ಟು ಮಧ್ಯಮ. ಹೈದರಾಬಾದಿನ ಕನ್ನಡಿಗರು ಇನ್ನೂ ಭಾಗ್ಯವಂತರು: ಹೊರವರ್ತುಲ ರಸ್ತೆಯ ಬದಿಯಲ್ಲಿ 23 ಕಿಲೋಮೀಟರು ಉದ್ದದ, ಸೌರಫಲಕಗಳ ಚಾವಣಿಯುಳ್ಳ ಸೈಕಲ್ ಪಥ 2023ರ ಅಕ್ಟೋಬರಿನಲ್ಲಿ ಅಲ್ಲಿ ಉದ್ಘಾಟನೆಯಾಗಿದೆ.

ಮೂರನೆಯದು, ಯೋಗಾಸನ ಸಾಲದೆ ಎಂಬ ಪ್ರಶ್ನೆ. ಆಸನಗಳು ಬೇಕು, ಸೈಕಲ್ಲು ಎಲ್ಲವನ್ನೂ ಕೊಡುವುದಿಲ್ಲವೆಂದು ಒಪ್ಪುತ್ತೇನೆ. ದೇಹದ ಭಾರ ಸೀಟಿನ ಮೇಲಿರುವುದರಿಂದ ಮಂಡಿಗಳಿಗೆ ಹಿತ; ಆದರೆ ಅದೇ ಕಾರಣದಿಂದ ಮೂಳೆಗಳಿಗೆ ಬೇಕಾದ ಹೊರೆ ಸಿಗದು. ನಡಿಗೆಯೂ ತೋಳುಗಳ ಕಸರತ್ತೂ ಜೊತೆಗಿರಲಿ. ಸೈಕಲ್ಲಿನ ಹೆಚ್ಚುಗಾರಿಕೆಯೆಂದರೆ ತೊಡೆಯ ದೊಡ್ಡ ಸ್ನಾಯುಗಳು ಬಹಳ ಹೊತ್ತು ದುಡಿಯುವುದು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಇನ್ನು, ಮಹಿಳೆಯರು ಬರುವರೇ ಎಂದು ಕೆಲವರು ಸಂಶಯಪಟ್ಟರು. ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸಲು ಆರಂಭಿಸಿದಾಗ ಹಳ್ಳಿಯ ಹುಡುಗಿಯರು ಸಾಲಾಗಿ ಶಾಲೆಗೆ ತುಳಿದುಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಅಂದು ತುಳಿದವರು ಇಂದು ಮಹಾನಗರಗಳಲ್ಲಿ ನಮ್ಮ ಸೊಸೆಯಂದಿರಾಗಿ, ಸಹೋದ್ಯೋಗಿಗಳಾಗಿ ಬಂದಿಲ್ಲವೆ? ಅವರಿಗೆ ಕಲಿಸುವ ಅಗತ್ಯವಿಲ್ಲ, ಕರೆದರೆ ಸಾಕು.

ಹೊರಡುವ ಮುನ್ನ

ನಲವತ್ತು ದಾಟಿದವರು ಕೆಲವು ನಿಯಮಗಳನ್ನು ಪಾಲಿಸಬೇಕು. ಮೊದಲು ವೈದ್ಯರಿಂದ ತಪಾಸಣೆ. ಎದೆನೋವು, ಏದುಸಿರು ಇದ್ದವರಂತೂ ತಾವಾಗಿಯೇ ಆರಂಭಿಸಕೂಡದು. ಸಕ್ಕರೆ ಇಳಿಸುವ ಔಷಧಿ ಸೇವಿಸುವವರು ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲದ ತುಂಡನ್ನೋ ಇಟ್ಟುಕೊಳ್ಳಬೇಕು. ಶ್ರಮದಿಂದ ಸಕ್ಕರೆ ಮಿತಿಮೀರಿ ಇಳಿಯುವ ಸಂಭವವುಂಟು. ತಲೆಗೆ ಹೆಲ್ಮೆಟ್. ಬಿಸಿಲೇರುವ ಮುಂಚೆಯೇ ಮರಳುವುದು. ನೀರು ಅರ್ಧವಾದಾಗ ದಾರಿಯೂ ಅರ್ಧವಾಗಿರದಿದ್ದರೆ ಹಿಂತಿರುಗುವುದು. ಬಹಳ ಹೊತ್ತಿನ ಶ್ರಮಕ್ಕೆ ಬರಿಯ ನೀರು ಸಾಲದು, ಉಪ್ಪೂ ಬೇಕು; ಉಪ್ಪು ಹಾಕಿದ ನೀರುಮಜ್ಜಿಗೆ ಈ ವಿಷಯದಲ್ಲಿ ನಮ್ಮ ಹಿರಿಯರ ದೊಡ್ಡ ಜಾಣ್ಮೆ. ತಲೆಸುತ್ತು, ವಾಕರಿಕೆ ಕಂಡೊಡನೆ ನೆರಳು ಸೇರಬೇಕು. ಮಾತು ತೊದಲಿ ಗೊಂದಲವಾದರೆ ಅದು ಶಾಖಾಘಾತ. ಮೈಗೆ ನೀರು ಹೊಯ್ಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಇನ್ನೊಂದು ನಿಯಮವಿದೆ, ಅದು ಸಭ್ಯತೆಯದು. ಬೆಟ್ಟದ ದಾರಿಯಲ್ಲಿ ಸೈಕಲ್ಲಿನವನು ನಡೆಯುವವನಿಗೂ ಕುದುರೆಯವನಿಗೂ ದಾರಿ ಬಿಡಬೇಕು. ಇಳಿಯುವವನು ಏರುವವನಿಗೆ ದಾರಿ ಬಿಡಬೇಕು. ಮಳೆಯಾಗಿ ದಾರಿ ಕೆಸರಾದಾಗ ಯಾರೂ ತುಳಿಯಬಾರದು, ಏಕೆಂದರೆ ಗಾಲಿಯ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಏರುವವನಿಗೆ ದಾರಿ ಬಿಡುವ ಈ ಪದ್ಧತಿ ನಮ್ಮ ಕಚೇರಿಗಳಿಗೂ ಸಂಘಗಳಿಗೂ ಬಂದರೆ ಎಷ್ಟು ಚೆನ್ನ!

ನಾನೀಗ ಸಾಧಾರಣ ಬೆಲೆಯ ಒಂದು ಸೈಕಲ್ಲು ಕೊಂಡಿದ್ದೇನೆ. ಒಂದು ವರ್ಷದಿಂದ ವಾರಕ್ಕೆ ಮೂರು ದಿನ ಮುಂಜಾನೆ ತುಳಿಯುತ್ತೇನೆ. ಆ ಅಂಕೆ 7.4ರಿಂದ 6.6ಕ್ಕೆ ಇಳಿದಿದೆ, ಔಷಧಿಯ ಪಾಲೂ ಶ್ರೀಮತಿಯವರ ರಾಗಿಮುದ್ದೆಯ ಪಾಲೂ ಅದರಲ್ಲಿ ಇರುವುದರಿಂದ ಕೀರ್ತಿಯನ್ನೆಲ್ಲ ಸೈಕಲ್ಲಿಗೇ ಜಮಾ ಮಾಡುತ್ತಿಲ್ಲ. ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಇಷ್ಟೆ: ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸಿ ವರದಿಯನ್ನು ಕೈಗಿತ್ತು ಕಳುಹಿಸಿದರೆ ಸಾಲದು, ಅದು ಖಾನೆಯೊಳಗೆ ಮಲಗುತ್ತದೆ. ತಿಂಗಳ ಮೊದಲ ಭಾನುವಾರ ಮುಂಜಾನೆ ಆರಕ್ಕೆ ಹತ್ತು ಮಂದಿ ಸೇರಿದರೂ ಸಾಕು, ತಂಡವಾಗುತ್ತದೆ. ಎಲ್ಲರ ನೀರಿನ ಬಾಟಲಿಗಳನ್ನು ಹೊರಡುವ ಮುನ್ನ ಎಣಿಸುವ ಕೆಲಸವನ್ನು ನನಗೆ ವಹಿಸಿರಿ.

ತಂದೆಯವರ ಸೈಕಲ್ಲನ್ನು ಮರಳಿ ತರಲಾರೆ. ಆದರೆ ನಿಮ್ಮ ಊರಿನ ಮನೆಗಳ ಹಿತ್ತಿಲಲ್ಲೋ ಅಟ್ಟದ ಮೇಲೋ ಅಂಥದೊಂದು ಇನ್ನೂ ಇದ್ದೀತು. ಗುಜರಿಯವನಿಗೆ ಕೊಡುವ ಮುಂಚೆ ಒಮ್ಮೆ ಗಾಳಿ ತುಂಬಿಸಿ ನೋಡಿರಿ. ಅದು ಇನ್ನೂ ಓಡುತ್ತಿರಬಹುದು.